ಅಡಿಕೆಗೆ ಸೂತಕವಿಲ್ಲ

ಹೋದ ಮಾರ್ಗಶಿರದಲ್ಲಿ ಒಂದು ದಿನ ಸಂಜೆ ಮೆಟ್ಟುಗತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೆಳಗಿನಕೇರಿಗೆ ಹೊರಟಿದ್ದೆ. ಬೈಕಿನಲ್ಲಿ ಬರುತ್ತಿದ್ದ ನಮ್ಮೂರ ಹುಡುಗನೊಬ್ಬ ನಿಲ್ಲಿಸಿದ. "ಮಾವ, ಇದನ್ನ ಮಾರೋಕೆ ತಗೊಂಡು ಹೊರಟ್ರಾ? ಹಳೇ ಸಾಮಾನಿಗೆ ಬೆಂಗಳೂರಲ್ಲಿ ಒಳ್ಳೆ ರೇಟಿದೆ" ಅಂದ. ಮಾರೋದಲ್ಲ ತಮ್ಮಾ, ಅಡಿಕೆ ಸುಲಿಯೋಕೆ ಹೊರಟಿದ್ದು ಅಂದೆ. ಯಾರ ಮನೆಗೆ ಅಂತ ಕೇಳಿದ, ಹೇಳಿದೆ. "ಅವರ ಮನೆಗೆ ಸುಲಿಯೋ ಮಷಿನ್ ನಿನ್ನೇನೇ ಬಂದು ಹೋಯ್ತಲ್ಲ!" ಅಂದ. ಗೊತ್ತು ಅಂದೆ. ಇವರಿಗೆ ಅರುಳು ಮರುಳು ಶುರುವಾಯ್ತು ಅಂದುಕೊಂಡಿರಬೇಕು, ನಕ್ಕು ಗಾಡಿ ಬಿಟ್ಟ. ಚಳಿಯಲ್ಲಿ ರಸ್ತೆ ಮೇಲೆ ನಿಂತು ಅವನಿಗೆ ವಿವರಿಸಿ ಹೇಳೋದು ಕಷ್ಟವಿತ್ತು. ಆವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರ ಸೀಮೆಯ ಒಂದು ಸಣ್ಣ ಊರು. ಹದಿನಾಲ್ಕು ಮನೆ, ಅದರಲ್ಲಿ ಮೂರಕ್ಕೆ ಬೀಗ. ನನಗಿರೋದು ಒಂದೂವರೆ ಎಕರೆ ಅಡಿಕೆ ತೋಟ, ಒಂದಷ್ಟು ಕಾಳುಮೆಣಸು, ಸ್ವಲ್ಪ ಬಾಳೆ. ಸೊಪ್ಪಿನ ಬೆಟ್ಟ ಹೆಸರಿಗೆ ಇದೆ. ನನಗೀಗ ಅರವತ್ತೈದು. ಇಷ್ಟು ವರ್ಷದಲ್ಲಿ ಎರಡು ಸಾವು ನನ್ನ ಬುಡ ಅಲುಗಿಸಿದವು, ಒಂದು ಅಪ್ಪಯ್ಯನದು, ಇನ್ನೊಂದು ನನ್ನ ಹೆಂಡತಿಯದು. ಎರಡಕ್ಕೂ ನಡುವೆ ನಲವತ್ತೆಂಟು ವರ್ಷ. ಅಷ್ಟರಲ್ಲಿ ನಮ್ಮ ಚಳಿಗಾಲವೇ ಬದಲಾಗಿ ಹೋಗಿತ್ತು.

ಅಡಿಕೆ ಇಲ್ಲದ ಸೀಮೆಯ ಓದುಗರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ದೊಡ್ಡಹಬ್ಬ, ಅಂದರೆ ದೀಪಾವಳಿ ಮುಗಿದು ಮೋಡ ಸರಿದಮೇಲೆ ಕೊನೆಕೊಯ್ಲು ಶುರು. ಕೆಂಪಡಿಕೆ ಮಾಡುವುದಾದರೆ ಕಾಯಿ ಹಣ್ಣಾಗುವ ಮೊದಲೇ ಕೊಯ್ಯಬೇಕು. ಕೊಯ್ದ ಅಡಿಕೆ ಕಾಯುವುದಿಲ್ಲ. ಎರಡು ಮೂರು ದಿನದೊಳಗೆ ಸುಲಿದು, ಹಂಡೆಯಲ್ಲಿ ಚೊಗರಿನ ನೀರಿಗೆ ಹಾಕಿ ಬೇಯಿಸಿ, ಅಟ್ಟದ ಮೇಲೆ ಹರವಬೇಕು. ತಡವಾದರೆ ಸಿಪ್ಪೆ ಬಾಡಿ ಸುಲಿಯಲು ಬಾರದು, ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಹಾಗಾಗಿ ಹಗಲು ಕೊಯ್ಲು, ರಾತ್ರಿ ಸುಲಿಯುವುದು. ಮಣೆಯ ತುದಿಗೆ ನೆಟ್ಟಗೆ ನಿಂತ ಕತ್ತಿ, ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು ಕಾಯನ್ನು ಕತ್ತಿಗೆ ಒತ್ತಿ ತಿರುಚಿದರೆ ಸಿಪ್ಪೆ ಬಿಚ್ಚುತ್ತದೆ. ಅದೇ ಮೆಟ್ಟುಗತ್ತಿ. ಹೇಳುವಾಗ ಸುಲಭ, ಕಲಿಯುವಾಗ ಹೆಬ್ಬೆರಳು ಅರ್ಧ ಹೋಗಿರುತ್ತದೆ.

ಸುಲಿಯುವವರಲ್ಲಿ ಕೂಲಿಗೆ ಬರುವವರೂ ಇದ್ದರು, ಮುಯ್ಯಾಳಾಗಿ ಬರುವ ನೆರೆಮನೆಯವರೂ ಇದ್ದರು. ಕೂಲಿಯವರಿಗೆ ಡಬ್ಬದ ಲೆಕ್ಕ. ನೆರೆಯವರಿಗೆ ಇವತ್ತು ನಮ್ಮನೆ, ನಾಳೆ ನಿಮ್ಮನೆ ಎನ್ನುವ ಲೆಕ್ಕ. ನಡುವೆ ಗ್ಯಾಸ್‌ಲೈಟು, ಸುತ್ತ ಹದಿನೈದು ಇಪ್ಪತ್ತು ಜನ, ಒಂದು ಮೂಲೆಯಲ್ಲಿ ಹಂಡೆಯ ಬೆಂಕಿ. ನಾವು ಮಕ್ಕಳು ಆ ಬೂದಿಯಲ್ಲಿ ಗೆಣಸು ಹುಗಿದು ಕಾಯುತ್ತಿದ್ದೆವು. ಹನ್ನೊಂದು ಗಂಟೆಗೆ ಒಂದು ಸುತ್ತು ಕಷಾಯ. ಮಾತಿಗೆ ಇಂಥದ್ದೇ ಅಂತಿರಲಿಲ್ಲ. ಯಕ್ಷಗಾನದ ಮೇಳ ಎಲ್ಲಿಗೆ ಬಂದಿದೆ, ಯಾರ ಎಮ್ಮೆ ಕರು ಹಾಕಿತು, ಯಾವ ಮನೆ ಕೂಸಿಗೆ ಗಂಡು ನೋಡಿದ್ದು ಎಲ್ಲಿಗೆ ಬಂತು, ಎಲ್ಲ. ಕೈ ಅದರ ಪಾಡಿಗೆ ನಡೆಯುತ್ತಿತ್ತು.

ಅಪ್ಪಯ್ಯ ತೀರಿಕೊಂಡಿದ್ದು 1973ರ ಶ್ರಾವಣದಲ್ಲಿ. ಆ ವರ್ಷ ಮಳೆ ಬಿಟ್ಟೇ ಇರಲಿಲ್ಲ, ಕೊಳೆ ಶುರುವಾಗಿತ್ತು. ಔಷಧಿ ಹೊಡೆಯುವ ಕೊನೆಗೌಡ ಹೇಳಿದ ದಿನ ಬರಲಿಲ್ಲ. ಮೈಲುತುತ್ತ, ಸುಣ್ಣ ಕಲಸಿಯಾಗಿತ್ತು. ಬೋರ್ಡೋ ದ್ರಾವಣ ಕಲಸಿದ ದಿನವೇ ಹೊಡೆಯಬೇಕಲ್ಲ. ಬಿಸಿಲು ಒಂದು ತಾಸು ಕಂಡಿದ್ದೇ ತಡ, ಅಪ್ಪಯ್ಯ ತಾನೇ ಹತ್ತಿದ. ನಾಲ್ಕನೆಯದೋ ಐದನೆಯದೋ ಮರದಿಂದ ಜಾರಿದ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಆಯಿಗೆ ಆಗ ಮೂವತ್ತೆರಡು. ನನಗೆ ಹದಿಮೂರು, ಕೆಳಗೆ ಇಬ್ಬರು ತಂಗಿಯರು.

ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೆಯ ದಿನದಿಂದ ಮಳೆಯ ಸಪ್ಪಳ ಮಾತ್ರ. ನಂತರ ಚೌತಿ ಬಂತು, ನಮಗಿಲ್ಲ. ದೊಡ್ಡಹಬ್ಬ ಬಂತು, ನಮಗಿಲ್ಲ. ಸಾವಾದ ಮನೆಗೆ ವರ್ಷಾಂತದವರೆಗೆ ಹಬ್ಬವಿಲ್ಲ, ಮದುವೆ ಮುಂಜಿಗೆ ಹೋಗುವ ಹಾಗಿಲ್ಲ. ಆಚೆಮನೆಯಿಂದ ಹೋಳಿಗೆ ಬರುತ್ತಿತ್ತು, ಆದರೆ ತಂದುಕೊಟ್ಟವರು ಜಗಲಿಯಿಂದಲೇ ತಿರುಗುತ್ತಿದ್ದರು. ಬಂದರೆ ಏನು ಮಾತಾಡುವುದು ಅಂತ ಅವರಿಗೂ ತಿಳಿಯದು. ದುಃಖ ಇರುವ ಮನೆಯನ್ನು ನಮ್ಮ ಪದ್ಧತಿ ಒಂದು ವರ್ಷ ಬೇಲಿ ಹಾಕಿ ಇಡುತ್ತದೆ. ಅದು ಗೌರವಕ್ಕೆ ಮಾಡಿದ್ದಿರಬಹುದು, ಒಳಗಿದ್ದವರಿಗೆ ಮಾತ್ರ ಬೇಲಿಯೇ.

ಆದರೆ ಅಡಿಕೆಗೆ ಸೂತಕವಿಲ್ಲ. ಮನೆಯಲ್ಲಿ ಯಾರು ಹೋದರೂ ಕಾಯಿ ಅದರ ಹೊತ್ತಿಗೆ ಬಲಿಯುತ್ತದೆ. ಕಾರ್ತಿಕ ಮುಗಿಯುತ್ತಿದ್ದ ಹಾಗೆ ನಮ್ಮ ತೋಟದ ಮೊದಲ ಕೊಯ್ಲು ಬಂತು. ಕೊನೆ ಅಂಗಳಕ್ಕೆ ಬಂದು ಬಿತ್ತು. ಆಯಿ ಅದನ್ನೇ ನೋಡುತ್ತ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟನ್ನು ಯಾರು ಸುಲಿಯಬೇಕು? ಕೂಲಿಗೆ ದುಡ್ಡಿಲ್ಲ.

ಆ ರಾತ್ರಿ ಊಟ ಮಾಡಿ ದೀಪ ಸಣ್ಣ ಮಾಡುವಾಗ ಅಂಗಳದಾಚೆ ಸೂಡಿ ಕಾಣಿಸಿತು. ಒಂದಾದಮೇಲೆ ಒಂದು. ಕೆಳಗಿನಮನೆ ದೊಡ್ಡಪ್ಪ, ಆಚೆಮನೆ ಅಣ್ಣಯ್ಯ ಅತ್ತಿಗೆ, ಮೂಲೆಮನೆಯವರು. ಯಾವಾಗಲೂ ಕೂಲಿಗೆ ಬರುತ್ತಿದ್ದ ನಾಲ್ಕೈದು ಹೆಂಗಸರು, ಅವರಲ್ಲೊಬ್ಬಳು "ಡಬ್ಬದ ಲೆಕ್ಕ ಆಮೇಲೆ ನೋಡಣ ಅಮ್ಮಾ" ಅಂದು ಕೂತೇಬಿಟ್ಟಳು. ಎಲ್ಲರ ಕಂಕುಳಲ್ಲೂ ಮೆಟ್ಟುಗತ್ತಿ. ಯಾರೂ "ಪಾಪ, ಹೀಗಾಗಬಾರದಿತ್ತು" ಅನ್ನಲಿಲ್ಲ. ಬುಟ್ಟಿ ಎಲ್ಲಿ, ಹಾಳೆ ಎಲ್ಲಿ ಅಂತ ಕೇಳಿದರು, ಸುಲಿದರು.

ಹಳೆಯದೆಲ್ಲ ಚಿನ್ನ ಅಂತ ಹೇಳುವವ ನಾನಲ್ಲ. ಅದೇ ಜನ ಆಯಿಯನ್ನು ಹೊರಗೆ ಕರೆಯಲಿಲ್ಲ. ಗಂಡ ಸತ್ತವಳು ಹತ್ತು ಜನರ ಎದುರು ಬಂದು ಕೂರುವುದು ಆಗಿನ ಕಾಲಕ್ಕೆ ಸಲ್ಲ. ಕಷಾಯದ ಪಾತ್ರೆಯನ್ನು ಬಾಗಿಲಿನಿಂದ ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. ಮೂರು ರಾತ್ರಿ ಹೀಗೇ. ನಾಲ್ಕನೆಯ ರಾತ್ರಿ ನಮ್ಮ ದೊಡ್ಡಾಯಿ, ಕೆಂಪು ಸೀರೆಯ ಮುದುಕಿ, ಹದಿನೆಂಟಕ್ಕೇ ಗಂಡನನ್ನು ಕಳಕೊಂಡವಳು, ತನ್ನ ಮೆಟ್ಟುಗತ್ತಿ ಎತ್ತಿಕೊಂಡು ಎದ್ದಳು. ಸೀದಾ ಒಳಬಾಗಿಲಿಗೆ ಹೋಗಿ ಆಯಿಯ ಮುಂದೆ ಇಟ್ಟಳು. "ನನ್ನ ಕೈ ಸೋತಿದೆ. ನೀ ಒಂದೆರಡು ಸುಲಿ" ಅಂದಳು. ಅಷ್ಟೇ. ಆಯಿ ಹೊಸಿಲಿನ ಒಳಗೇ ಕೂತು ಸುಲಿದಳು. ಐದನೆಯ ರಾತ್ರಿ ಹೊಸಿಲಿನ ಹೊರಗೆ. ಸಂಕ್ರಾಂತಿ ಹೊತ್ತಿಗೆ ಎಲ್ಲರ ನಡುವೆ ಕೂತು, ಮೂಲೆಮನೆ ಅಣ್ಣ ಆಟದ ಭಾಗವತರ ಅಣಕ ಮಾಡಿದಾಗ ನಕ್ಕಳು. ನಕ್ಕು ತಕ್ಷಣ ಸೆರಗು ಬಾಯಿಗೆ ಇಟ್ಟುಕೊಂಡಳು. ಯಾರೂ ನೋಡಿದ ಹಾಗೆ ಮಾಡಲಿಲ್ಲ. ನಾನು ನೋಡಿದೆ. ನನಗೆ ಅಪ್ಪಯ್ಯ ಸತ್ತಮೇಲೆ ಮೊದಲ ಸಲ ಹೊಟ್ಟೆ ತಣ್ಣಗಾದದ್ದು ಆ ಕ್ಷಣ.

ಆಯಿ ಆಮೇಲೆ ಮೂವತ್ತೊಂದು ವರ್ಷ ಬದುಕಿದಳು. ರಾತ್ರಿ ಹನ್ನೊಂದರೊಳಗೆ ಎರಡು ಡಬ್ಬ ಸುಲಿದು ಏಳುತ್ತಿದ್ದಳು. ಬೆರಳು ಸುಗ್ಗಿ ಮುಗಿಯುವವರೆಗೂ ಕಪ್ಪೇ. ನಿಂಬೆಹುಳಿ ಉಜ್ಜಿದರೆ ಹೋಗುತ್ತದೆ ಅಂದರೆ, "ಇರಲಿ ಬಿಡು, ಮತ್ತೆ ನಾಳೆ ಅದೇಯ" ಅನ್ನುತ್ತಿದ್ದಳು.

ಈಗ ಎರಡನೆಯದು. 2021ರ ಮೇ ತಿಂಗಳು, ಲಾಕ್‌ಡೌನ್. ಎರಡನೇ ಅಲೆಯಲ್ಲಿ ನನ್ನ ಹೆಂಡತಿ ಹೋದಳು. ಮಗ ಬೆಂಗಳೂರಲ್ಲಿ, ಅವನಿಗೇ ಜ್ವರ. ಮಗಳು ಗಂಡನ ಮನೆಯಲ್ಲಿ, ಬರುವ ಹಾಗಿಲ್ಲ. ಮೈತುಂಬ ಪ್ಲಾಸ್ಟಿಕ್ ತೊಟ್ಟ ನಾಲ್ಕು ಜನ ಎಲ್ಲ ಮುಗಿಸಿದರು. ಮುಖ ಕಾಣದ ಆ ಹುಡುಗರ ಬಗ್ಗೆ ನನಗೆ ಗೌರವವಿದೆ. ಊರವರೂ ತಪ್ಪು ಮಾಡಲಿಲ್ಲ, ಬರಬಾರದು ಅಂತಲೇ ಸರ್ಕಾರ ಹೇಳಿದ್ದು. ಫೋನು ಮಾಡಿದರು, ತರಕಾರಿಯನ್ನು ದಣಪೆಯ ಹತ್ತಿರ ಇಟ್ಟು ಹೋದರು. ಆ ವರ್ಷ ಹೀಗೆ ಕಳಕೊಂಡ ಮನೆಗಳು ಒಂದೆರಡಲ್ಲ. ಇದನ್ನು ಓದುವವರಲ್ಲೂ ಇದ್ದೀರಿ.

ನಾನು ಹೇಳಬೇಕಾಗಿರುವುದು ಆಮೇಲಿನ ಚಳಿಗಾಲದ್ದು. ರೋಗ ಇಳಿದಿತ್ತು, ಜನ ಓಡಾಡುತ್ತಿದ್ದರು. ಆ ನವೆಂಬರಿನಲ್ಲಿ ಮಳೆ ಬಿಡದೆ ಹೊಯ್ದಿದ್ದು ನಿಮಗೆ ನೆನಪಿರಬಹುದು. ಅಟ್ಟದ ಮೇಲಿನ ಅಡಿಕೆಗೆ ಬೂಷ್ಟು, ಗದ್ದೆಯಲ್ಲಿ ಕೊಯ್ದ ಭತ್ತ ಮೊಳಕೆ. ಅದೇ ನೆಪವಾಯಿತು. ಹಸಿ ಅಡಿಕೆಯನ್ನೇ ತೂಕಕ್ಕೆ ಕೊಟ್ಟುಬಿಟ್ಟೆ. ಅವರೇ ಕೊನೆ ಕೊಯ್ದರು, ಅವರೇ ಲಾರಿಗೆ ತುಂಬಿದರು. ಎರಡು ದಿನದಲ್ಲಿ ಅಂಗಳ ಖಾಲಿ. ದುಡ್ಡು ಬ್ಯಾಂಕಿಗೆ ಬಂತು. ಮಗ ಫೋನಲ್ಲಿ "ಒಳ್ಳೇದಾಯ್ತು ಅಪ್ಪಯ್ಯ, ನಿನಗೆ ತಲೆಬಿಸಿ ಇಲ್ಲ" ಅಂದ.

ತಲೆಬಿಸಿ ಇರಲಿಲ್ಲ, ಹೌದು. ಏನೂ ಇರಲಿಲ್ಲ. ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿ ಅದರ ಮುಂದೆ ಕೂತರೆ ಬಿಸಿಲು ಅಂಗಳಕ್ಕೆ ಬರುವವರೆಗೂ ಅಲ್ಲೇ. ಸಂಜೆ ಆರಕ್ಕೆ ಕತ್ತಲೆ, ಆರರಿಂದ ಹತ್ತು ಹೇಗೆ ಕಳೆಯುವುದು? ಟೀವಿ ಹಾಕಿದರೆ ಅದರ ಪಾಡಿಗೆ ಅದು ಮಾತಾಡುತ್ತಿತ್ತು. ಮಳೆಗಾಲದಲ್ಲಿ ದುಃಖಕ್ಕೆ ಮಳೆಯ ಜೊತೆಯಾದರೂ ಇರುತ್ತದೆ. ಚಳಿಗಾಲದ ರಾತ್ರಿ ಅಷ್ಟು ನಿಶ್ಶಬ್ದ, ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುವುದೂ ಕೇಳುತ್ತದೆ. ಅವಳ ಶಾಲು ಗೂಟದಲ್ಲೇ ಇತ್ತು. ತೆಗೆಯಲೂ ಇಲ್ಲ, ಹೊದೆಯಲೂ ಇಲ್ಲ. ಮರುವರ್ಷ ಹಸಿ ಕೊಡಲಿಲ್ಲ, ಬಾಡಿಗೆ ಮಷಿನ್ ತರಿಸಿದೆ. ಒಂದು ರಾತ್ರಿಯಲ್ಲಿ ಎಲ್ಲ ಮುಗಿಸಿ ಹೊರಟರು. ಆ ಗದ್ದಲದಲ್ಲಿ ಅವರಿಗೆ "ಕಷಾಯ ಬೇಕಾ" ಅಂತ ಕೇಳಿದ್ದೂ ಕೇಳಿಸಲಿಲ್ಲ.

ಮಷಿನಿನ ಮೇಲೆ ನನಗೆ ಸಿಟ್ಟಿಲ್ಲ, ಓದುಗರು ತಪ್ಪು ತಿಳಿಯಬಾರದು. ಸುಲಿಯುವವರು ಸಿಗದೆ ಕೊಯ್ದ ಅಡಿಕೆ ಅಂಗಳದಲ್ಲಿ ಬಾಡಿದ ವರ್ಷಗಳನ್ನು ನಾನೇ ಕಂಡಿದ್ದೇನೆ. ರಾತ್ರಿಯಿಡೀ ಕಾಲು ಮಡಚಿ ಕೂತು ಸೊಂಟ ಹೋದ ಹೆಂಗಸರು ನಮ್ಮೂರಲ್ಲಿದ್ದಾರೆ. ಅವರಿಗೆ ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳಿದರೆ ಮೆಟ್ಟುಗತ್ತಿಯನ್ನೇ ಎತ್ತಿ ಬರುತ್ತಾರೆ. ಈಗ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೇ ನಿಂತು ಕೆಲಸ ಮಾಡಬಹುದು. 1973ರಲ್ಲಿ ಅದೊಂದು ಇದ್ದಿದ್ದರೆ ನಮ್ಮ ಅಪ್ಪಯ್ಯ ಇನ್ನೂ ಕೆಲವು ಕಾಲ ಇರುತ್ತಿದ್ದನೇನೋ. ಯಂತ್ರ ಬರಲಿ. ಆದರೆ ಸುಲಿಯುವ ಕೆಲಸದ ಜೊತೆಗೇ ಇನ್ನೊಂದು ಕೆಲಸವೂ ಆಗುತ್ತಿತ್ತು. ಯಾರಿಗೂ ಹೇಳದೆ ಕೇಳದೆ ಊರೆಲ್ಲ ಸಾವಿನ ಮನೆಗೆ ಬಂದು ಕೂರುತ್ತಿತ್ತು. ಆ ಕೆಲಸಕ್ಕೆ ಇನ್ನೂ ಮಷಿನ್ ಬಂದಿಲ್ಲ, ನಾವೇ ಅದನ್ನು ಬೇರೆಯಾಗಿ ಮಾಡಬೇಕು. ನನ್ನ ವಾದ ಇಷ್ಟೇ.

ಇದು ನನಗೆ ತಿಳಿದದ್ದು ನನ್ನ ಮನೆಯಲ್ಲಿ ಕೂತಲ್ಲ. 2023ರ ಮಳೆಗಾಲದ ಕೊನೆಗೆ ಕೆಳಗಿನಕೇರಿಯ ಒಬ್ಬ ಹುಡುಗ ಹೋದ. ಹುಡುಗ ಅಂದರೆ ನಲವತ್ತೊಂದು, ನನಗೆ ಹುಡುಗನೇ. ತೋಟದಿಂದ ಬಂದವ ಎದೆ ಹಿಡಿದುಕೊಂಡು ಕೂತ, ಅಷ್ಟೇ. ಹೆಂಡತಿ, ಒಂಬತ್ತು ವರ್ಷದ ಮಾಣಿ, ಹಾಸಿಗೆ ಹಿಡಿದ ಅತ್ತೆ. ಹದಿಮೂರರ ಊಟಕ್ಕೆ ಮುನ್ನೂರು ಜನ ಬಂದಿದ್ದೆವು. ನಾನೂ ಉಂಡು, ಧೈರ್ಯ ತಗೋ ತಂಗಿ ಅಂತ ಹೇಳಿ ಬಂದೆ. ಆ ಮಾತು ನನ್ನ ಬಾಯಿಂದ ಬಂದಾಗ ನನಗೇ ನಾಚಿಕೆಯಾಯ್ತು. ಅದೇ ಮಾತನ್ನು ಫೋನಲ್ಲಿ ನನಗೆ ಐವತ್ತು ಜನ ಹೇಳಿದ್ದರು. ತಗೊಳ್ಳೋಕೆ ಧೈರ್ಯ ಎಲ್ಲಿ ಇಟ್ಟಿದ್ದಾರೆ ಅಂತ ಯಾರೂ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ ಅಟ್ಟದ ಮೇಲೆ ಏನೋ ಹುಡುಕುವಾಗ ಆಯಿಯ ಮೆಟ್ಟುಗತ್ತಿ ಕೈಗೆ ಸಿಕ್ಕಿತು. ಕತ್ತಿಗೆ ತುಕ್ಕು, ಮಣೆ ಮಾತ್ರ ಗಟ್ಟಿ. ಕಲ್ಲಿಗೆ ಮಸೆದೆ. ಯಾಕೆ ಮಸೆದೆ ಅಂತ ಕೇಳಿದರೆ ಗೊತ್ತಿಲ್ಲ. ಮಸೆದ ಮೇಲೆ ಸುಲಿಯಲು ನನ್ನ ಮನೆಯಲ್ಲಿ ಅಡಿಕೆ ಇಲ್ಲ, ಮಷಿನಿನವರು ಮುಗಿಸಿಯಾಗಿತ್ತು. ಕೆಳಗಿನಕೇರಿಯಲ್ಲಿ ಆವತ್ತು ಕೊಯ್ಲು ಅಂತ ಗೊತ್ತಿತ್ತು. ಹೊರಟೆ.

ಅವಳು ಬಾಗಿಲಲ್ಲಿ ನೋಡಿ ಗಾಬರಿಯಾದಳು. "ನಾಳೆ ಮಷಿನ್ ಬರ್ತಲ್ಲ ಮಾವ, ನೀವ್ಯಾಕೆ ಕಷ್ಟಪಡ್ತೀರಿ?" ಅಂದಳು. ನನಗೆ ನಿದ್ದೆ ಬರೋದಿಲ್ಲ, ಒಂದು ಡಬ್ಬ ಸುಲಿದು ಹೋಗ್ತೀನಿ, ನಿನ್ನ ಅಡಿಕೆ ಏನು ಖರ್ಚಾಗೋದಿಲ್ಲ ಅಂದೆ. ಕೂತೆ. ಕೈ ಮರೆತಿತ್ತು, ಹತ್ತು ಕಾಯಿ ಹಾಳು ಮಾಡಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಸುಮಾರು ಹೊತ್ತಿನ ಮೇಲೆ, "ಹಾಗಲ್ಲ ಮಾವ, ತೊಟ್ಟಿನ ಕಡೆಯಿಂದ ಹಿಡೀರಿ" ಅಂದಳು. ತವರುಮನೆಯಲ್ಲಿ ಸುಲಿದು ಅಭ್ಯಾಸವಂತೆ. ಆಮೇಲೆ ಅವಳ ಅತ್ತೆಯದು ಹಳೇ ಮೆಟ್ಟುಗತ್ತಿ ಹುಡುಕಿ ತಂದಳು. ಒಂಬತ್ತೂವರೆವರೆಗೆ ಸುಲಿದೆವು. ಗಂಡನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಏಳುವಾಗ "ನಾಳೆ ಬರ್ತೀರಾ?" ಅಂದಳು. ಮಷಿನಿಗೆ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟು, ನಾಲ್ಕು ಬುಟ್ಟಿ ಮಾತ್ರ ಬದಿಗೆ ತೆಗೆದಿಟ್ಟಳು. ಮರುದಿನ ಮೂಲೆಮನೆ ಅತ್ತಿಗೆ ಬಂದಳು, ಅದರ ಮರುದಿನ ಇನ್ನಿಬ್ಬರು.

ಆ ರಾತ್ರಿ ಮನೆಗೆ ಬಂದು ಬಹಳ ದಿನದ ಮೇಲೆ ಗಾಢ ನಿದ್ದೆ ಮಾಡಿದೆ. ಸಮಾಧಾನ ಹೇಳಲು ಹೋಗಿದ್ದೆನೋ, ಪಡಕೊಳ್ಳಲು ಹೋಗಿದ್ದೆನೋ, ಈಗಲೂ ಖಚಿತವಿಲ್ಲ. ಹೆಂಡತಿಯ ಶಾಲನ್ನು ಆ ವಾರ ಗೂಟದಿಂದ ತೆಗೆದು ಒಗೆದು ನಾನೇ ಹೊದ್ದುಕೊಂಡೆ. ಈಗಲೂ ಚಳಿಗೆ ಅದೇ.

ಕೈ ಕೆಲಸದಲ್ಲಿದ್ದಾಗ ಮಾತು ಸಲೀಸು. ಎದುರು ಬದುರು ಕುರ್ಚಿ ಹಾಕಿ ಕೂತರೆ ಕೇಳಲಾಗದ್ದನ್ನು ಸುಲಿಯುತ್ತ ಕೇಳಬಹುದು. ಒಂದು ವಾರ ಕಳೆದಮೇಲೆ ಅವಳೇ ಕೇಳಿದ್ದು, "ಮಾವ, ಪಹಣಿ ಅವರ ಹೆಸರಲ್ಲೇ ಇದೆ, ಎಂತ ಮಾಡಬೇಕು?" ಮೂರು ತಿಂಗಳಿನಿಂದ ಆ ಚಿಂತೆ ಅವಳ ತಲೆಯಲ್ಲಿತ್ತು, ಯಾರನ್ನು ಕೇಳುವುದು ಅಂತ ತಿಳಿಯದೆ ಸುಮ್ಮನಿದ್ದಳು. ಮರಣ ಪ್ರಮಾಣಪತ್ರ ಆಗಿತ್ತು, ಪುಣ್ಯಕ್ಕೆ ಇಪ್ಪತ್ತೊಂದು ದಿನದೊಳಗೆ ನೋಂದಣಿ ಮಾಡಿಸಿದ್ದರು. ವಂಶವೃಕ್ಷ ಮಾಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬೇಕು ಅಂತ ಮೂಲೆಮನೆ ಅತ್ತಿಗೆಯ ಮಗ ಹೇಳಿದ, ತಾನೇ ಕರಕೊಂಡು ಹೋದ. ಪಹಣಿಯಲ್ಲಿ ಸತ್ತವರ ಹೆಸರೇ ಉಳಿದರೆ ಬೆಳೆಸಾಲ, ಬೆಳೆವಿಮೆ, ಪರಿಹಾರ ಎಲ್ಲಕ್ಕೂ ತೊಡಕು. ಸೊಸೈಟಿಯ ಶೇರಿಗೆ ನಾಮಿನಿ ಯಾರು ಅಂತ ನೋಡಿದರೆ, ತೀರಿಕೊಂಡು ಹತ್ತು ವರ್ಷವಾದ ಮಾವನ ಹೆಸರು! ನಗುವುದೋ ಅಳುವುದೋ. ಆವತ್ತು ಅವಳು ನಕ್ಕಳು. ನಾವು ಗಂಡಸರು ತೋಟದ ಕಾಗದಪತ್ರ, ಯಾರಿಗೆ ಎಷ್ಟು ಕೊಡಬೇಕು, ಪಂಪಿನ ಫ್ಯೂಸ್ ಎಲ್ಲಿ ಹೋಗುತ್ತದೆ, ಯಾವುದನ್ನೂ ಹೆಂಡತಿಗೆ ಹೇಳಿರುವುದಿಲ್ಲ. ನಾನೂ ಹೇಳಿರಲಿಲ್ಲ. ನಮ್ಮನೆಯಲ್ಲಿ ಹೋದದ್ದು ಅವಳು. ಉಪ್ಪಿನಕಾಯಿ ಭರಣಿ ಯಾವುದು, ಹವಿಜ ಯಾವ ಡಬ್ಬದಲ್ಲಿ ಅಂತ ಗೊತ್ತಿಲ್ಲದೆ ಎರಡು ತಿಂಗಳು ಒದ್ದಾಡಿದೆ. ಒಂದು ಪಟ್ಟಿಯಲ್ಲಿ ಇಬ್ಬರೂ ಬರೆದಿಡುವುದು ಒಳ್ಳೆಯದು.

ನಮ್ಮ ಕಡೆ ಚಳಿಗಾಲಕ್ಕೆ ಇನ್ನೊಂದು ಭಯವೂ ಇದೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಇನ್ನೂ ಬಿಟ್ಟು ಹೋಗಿಲ್ಲ. 2018-19ರ ಚಳಿಗಾಲದಲ್ಲಿ ಸಾಗರದ ಅರಳಗೋಡಿನ ಸುತ್ತ ಎಷ್ಟು ಮನೆಗಳಲ್ಲಿ ದುಃಖವಾಯಿತು! ನಮ್ಮ ನೆಂಟರಲ್ಲಿ ಒಂದು ಮನೆಗೆ ಈ ಕಾಯಿಲೆಯಿಂದ ಸಾವಾದಮೇಲೆ ತಿಂಗಳುಗಟ್ಟಲೆ ಯಾರೂ ಕಾಲಿಡಲಿಲ್ಲ. ಕಾಯಿಲೆ ತರುವುದು ಕಾಡಿನ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಬೆಟ್ಟಕ್ಕೆ ದರಕಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿ, ಬಂದಮೇಲೆ ಬಿಸಿನೀರು ಮಿಂದು ಬಟ್ಟೆ ಒಗೆಯಿರಿ. ಸಾವಾದ ಮನೆಗೆ ಹೋಗಲು ಮಾತ್ರ ಹೆದರಬೇಡಿ.

ಹೋಗುವವರಿಗೆ ಒಂದೇ ಮಾತು. ಪೂರಾ ಕಥೆ ಕೇಳಬೇಡಿ. ಆಸ್ಪತ್ರೆಗೆ ಬೇಗ ಕರಕೊಂಡು ಹೋಗಿದ್ದರೆ ಅನ್ನುವ ಮಾತಂತೂ ಬೇಡವೇ ಬೇಡ, ಅದನ್ನು ಅವರು ದಿನಕ್ಕೆ ನೂರು ಸಲ ತಮಗೆ ತಾವೇ ಹೇಳಿಕೊಂಡಿರುತ್ತಾರೆ. ಮತ್ತೆ, ಅವರನ್ನು ಕೂರಿಸಿ ನಾವೇ ಎಲ್ಲ ಮಾಡಿಬಿಡುತ್ತೇವೆ ಅನ್ನುವುದೂ ಸರಿಯಲ್ಲ. ದೊಡ್ಡಾಯಿ ಮಾಡಿದ ಉಪಕಾರ ಅದು, ಆಯಿಯ ಕೈಗೆ ಕತ್ತಿ ಕೊಟ್ಟಳು. "ನನ್ನ ಕೈ ಸೋತಿದೆ" ಅಂದಿದ್ದು ಸುಳ್ಳು. ಅವಳ ಕೈ ಸೋತಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ಅಡಿಕೆಯೇ ಆಗಬೇಕೆಂದಿಲ್ಲ. ಮೈಸೂರು, ಕೋಲಾರದ ಕಡೆಯವರಿಗೆ ಇದೇ ಚಳಿಯಲ್ಲಿ ಅವರೆಕಾಯಿ. ಬಿಡಿಸಿ, ನೆನೆಸಿ, ಹಿಸುಕಿ ಬೇಳೆ ಮಾಡಲು ಎಷ್ಟು ಕೈ ಇದ್ದರೂ ಸಾಲದು. ಬಯಲುಸೀಮೆಯಲ್ಲಿ ಶೇಂಗಾ ಬಿಡಿಸುವುದಿದೆ. ಒಬ್ಬರೇ ಮಾಡಿದರೆ ಬೇಸರ ಬರುವ, ನಾಲ್ಕು ಜನ ಸುತ್ತ ಕೂತರೆ ಸಾಗುವ ಕೆಲಸ ಪ್ರತಿ ಸೀಮೆಯಲ್ಲೂ ಇದೆ. ಸಾವಾಗಿ ಮೂರು ನಾಲ್ಕು ತಿಂಗಳಾದ ಮನೆ ನಿಮ್ಮೂರಲ್ಲಿ ಯಾವುದಿದೆ ಅಂತ ನೀವೇ ಒಮ್ಮೆ ಎಣಿಸಿ ನೋಡಿ. ಹದಿಮೂರರ ಊಟಕ್ಕೆ ಹೋದದ್ದು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮೂರಲ್ಲಿ ಇದೇನು ದೊಡ್ಡ ಚಳವಳಿ ಆಗಿಲ್ಲ. ಹೋದ ವರ್ಷ ಕೂತವರು ಐದು ಜನ, ಅದರಲ್ಲಿ ಒಬ್ಬರಿಗೆ ಕಣ್ಣು ಸರಿ ಕಾಣುವುದಿಲ್ಲ. ಅವರು ಕಥೆ ಹೇಳುತ್ತಾರೆ. ರಾತ್ರಿಗೆ ಎರಡೋ ಮೂರೋ ಡಬ್ಬ, ಉಳಿದದ್ದು ಮಷಿನಿಗೆ. ಕೆಳಗಿನಕೇರಿಯ ಮಾಣಿಗೆ ಈಗ ಹತ್ತಾಗಿದೆ. ತನಗೂ ಮೆಟ್ಟುಗತ್ತಿ ಬೇಕು ಅಂತ ಹಠ. ಬೇಡ ಬೇಡ ಅಂದರೂ ಅವನ ಅಮ್ಮನೇ ಕೊಡಿಸಿದಳು. ಮೊದಲ ದಿನವೇ ಹೆಬ್ಬೆರಳು ಕುಯ್ದುಕೊಂಡ. ಕಮ್ಯುನಿಸ್ಟ್ ಸೊಪ್ಪು ಹಿಂಡಿ ಬಟ್ಟೆ ಕಟ್ಟಿದೆವು. ಇನ್ನು ಈ ಕಡೆ ತಲೆ ಹಾಕಲಾರ ಅಂದುಕೊಂಡಿದ್ದೆ. ಮರುದಿನ ಬಟ್ಟೆ ಕಟ್ಟಿದ ಬೆರಳಲ್ಲೇ ಬಂದು ನನ್ನ ಪಕ್ಕ ಕೂತ. ಹದಿನೇಳು ಅಡಿಕೆ ಸುಲಿದನಂತೆ. ಎಣಿಸಿದ್ದು ಅವನೇ.